ಮತ್ತೆ ಮಲಾವಿ ಸಿಕ್ಲಿಡ್: ಕರಾವಳಿಯ ಮೆದು ನೀರಿನಲ್ಲಿ ಆರಡಿ ಟ್ಯಾಂಕ್ ನಿಲ್ಲಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ಹಿಂದೆ ಆಫ್ರಿಕನ್ ಸಿಕ್ಲಿಡ್, ಅಂದರೆ ಮಲಾವಿ, ಟಾಂಗನೀಕಾದಂಥ ಆಫ್ರಿಕಾದ ಸರೋವರಗಳ ಬಣ್ಣದ ಮೀನು, ಸಾಕಿ, ನಡುವೆ ಬಿಟ್ಟು, ಈಗ ಮತ್ತೆ ಶುರು ಮಾಡುವವರು ಹೆಚ್ಚಾಗಿ ಅಕ್ವೇರಿಯಂ ಅಂಗಡಿಗೆ ಹೋಗಿ ಮೀನು ನೋಡುವುದರಿಂದ ಆರಂಭಿಸುತ್ತಾರೆ. ನಮ್ಮ ಊರಿನಲ್ಲಿ ಆರಂಭಿಸಬೇಕಾದದ್ದು ಮನೆಯ ಬಾವಿಯಿಂದ, ಇಲ್ಲವೇ ನಲ್ಲಿಯಿಂದ. ಮಲಾವಿ ಸರೋವರದ ನೀರಿನ ಪಿಎಚ್ 7.7ರಿಂದ 8.6, ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, 6ರಿಂದ 8 ಡಿಗ್ರಿ. ಟಾಂಗನೀಕಾ ಸರೋವರದ ಪಿಎಚ್ 9ರ ಆಸುಪಾಸು, ಕೆಎಚ್ 16ರ ಹತ್ತಿರ. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಇದಕ್ಕೆ ಪೂರ್ತಿ ವಿರುದ್ಧ. ಅದು ಮೆದು, ಆಮ್ಲದ ಕಡೆಗೆ ವಾಲಿದ್ದು, ಕೆಎಚ್ ಹಲವು ಕಡೆ 1–2 ಡಿಗ್ರಿ ದಾಟುವುದಿಲ್ಲ. ಕುಡಿಯಲು, ಅಡುಗೆಗೆ ಬಹಳ ಒಳ್ಳೆಯ ನೀರು. ಸಿಕ್ಲಿಡ್‌ಗೆ ಮಾತ್ರ ಅದರಲ್ಲಿ ಇಲ್ಲದ್ದನ್ನು ನಾವು ಸೇರಿಸಿ ಕೊಡಬೇಕು, ಪ್ರತಿ ವಾರ, ತೂಕ ಮಾಡಿ.

ಇಲ್ಲಿ ಹೇಳುವುದೆಲ್ಲ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಮತ್ತು ಮಲಾವಿಯ ಮೀನುಗಳನ್ನು ಲೆಕ್ಕಕ್ಕಿಟ್ಟುಕೊಂಡು. ಅಂಚಿನವರೆಗೆ ತುಂಬಿದರೆ ಸುಮಾರು 650 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 550 ಲೀಟರ್ ನೀರು. ಔಷಧಿಯಾಗಲಿ, ಕೆಎಚ್ ಏರಿಸಲು ಹಾಕುವ ಅಡುಗೆ ಸೋಡಾ ಆಗಲಿ, ಲೆಕ್ಕ ಹಾಕುವಾಗ 550 ಹಿಡಿಯಿರಿ.

ಹಳೆ ಟ್ಯಾಂಕ್ ಇದ್ದರೆ

ಗಾಜು ಹಾಳಾಗುವುದಿಲ್ಲ, ಸಿಲಿಕೋನ್ ಹಾಳಾಗುತ್ತದೆ. ವರ್ಷಗಟ್ಟಲೆ ಒಣಗಿ ಬಿದ್ದ ಟ್ಯಾಂಕಿನ ಒಳಮೂಲೆಗಳನ್ನು ಉಗುರಿನಿಂದ ಒತ್ತಿ ನೋಡಿ. ಅಂಚು ಎದ್ದು ಬಂದರೆ ಅಥವಾ ಸಿಲಿಕೋನ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒಳಗಿನ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕೆತ್ತಿ ತೆಗೆಯಬೇಕು. ಹಳೆ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲ. ಮೇಲಿಂದ ಬಳಿದ ತೇಪೆ ಕೆಲವೇ ತಿಂಗಳಲ್ಲಿ ಸೋರುತ್ತದೆ. ಗಾಜನ್ನು ಅಸಿಟೋನ್‌ನಿಂದ ಒರೆಸಿ, ಶಿಲೀಂಧ್ರನಾಶಕ ಬೆರೆಸದ, ವಿನೆಗರ್ ವಾಸನೆ ಬರುವ ಸಿಲಿಕೋನ್ ಹಚ್ಚಿ, ಏಳು ದಿನ ಬಿಡಿ. ಬಾತ್‌ರೂಮಿಗೆಂದು ಮಾರುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿರುವುದು ಮೀನಿಗೆ ವಿಷ. ಮಳೆಗಾಲದಲ್ಲಿ ಈ ಕೆಲಸ ಮಾಡಬಾರದು ಎಂಬ ನಂಬಿಕೆ ಇದೆ. ನಿಜವಾಗಿ ಈ ಬಗೆಯ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವಾಂಶದಿಂದ. ಹಚ್ಚುವ ಹೊತ್ತಿಗೆ ಗಾಜಿನ ಮೇಲೆ ಪಸೆ ಇರಬಾರದು, ಅಷ್ಟೆ. ಗಾಜು ಮುಂಚಿತವಾಗಿ ಒಣಗಿರಲಿ, ಫ್ಯಾನ್ ಓಡುತ್ತಿರಲಿ. ಆಮೇಲೆ ಚಾವಡಿಯಲ್ಲೋ ಅಂಗಳದಲ್ಲೋ ಸಮತಟ್ಟಾದ ಜಾಗದಲ್ಲಿ ತುಂಬಿಸಿ ಒಂದು ವಾರ ನೋಡಿ, ಒಳಗೆ ತನ್ನಿ.

ಎರಡಡಿ ಎತ್ತರಕ್ಕೆ ಗಾಜು 12 ಮಿ.ಮೀ. ಇರಲಿ, ಮೇಲೆ ಉದ್ದುದ್ದ ಪಟ್ಟಿ ಮತ್ತು ಅಡ್ಡಪಟ್ಟಿ ಇರಲಿ. ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಟನ್ ಭಾರ. ಹಳೆಯ ಹಂಚಿನ ಮನೆಯ ಮರದ ಅಟ್ಟದ ಮೇಲೆ ಇದು ಸಲ್ಲದು. ಕಾಂಕ್ರೀಟ್ ಮನೆಯ ಮೇಲ್ಮಹಡಿಯಾದರೆ ಗೋಡೆಗೆ ತಾಗಿ, ಕೆಳಗೆ ಬೀಮ್ ಹಾದುಹೋಗುವ ಕಡೆ ಇಡಿ. ಇಡುವ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ. ಕಬ್ಬಿಣದ ಸ್ಟ್ಯಾಂಡ್ ನಮ್ಮ ಉಪ್ಪುಗಾಳಿಗೆ ವೆಲ್ಡಿಂಗ್ ಜಾಗದಿಂದಲೇ ತುಕ್ಕು ಹಿಡಿಯುತ್ತದೆ. ರೆಡ್ ಆಕ್ಸೈಡ್ ಮೇಲೆ ಎಪಾಕ್ಸಿ ಪೇಂಟ್ ಎರಡು ಕೋಟ್ ಹೊಡೆಸಿ. ಅದರ ಮೇಲೆ 18 ಮಿ.ಮೀ. ಮರೈನ್ ಪ್ಲೈವುಡ್, ಅದರ ಮೇಲೆ 12 ಮಿ.ಮೀ. ಥರ್ಮಾಕೋಲ್ ಹಾಳೆ, ಆಮೇಲೆ ಟ್ಯಾಂಕ್.

ಹಳೆ ಕ್ಯಾನಿಸ್ಟರ್ ಫಿಲ್ಟರಿನ (ಮುಚ್ಚಿದ ಡಬ್ಬಿಯಂಥದ್ದು) ರಬ್ಬರ್ ರಿಂಗ್ ಬದಲಾಯಿಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಹಳೆ ಟೆಸ್ಟ್ ಕಿಟ್‌ಗಳನ್ನೂ ಉಳಿದ ಔಷಧಿ ಬಾಟಲಿಗಳನ್ನೂ ಎಸೆದುಬಿಡಿ. ಅವಧಿ ಮೀರಿದ ಕಿಟ್ ತೋರಿಸುವ ಸುಳ್ಳು ಸಂಖ್ಯೆ ನಂಬಿ ಮೀನು ಕಳೆದುಕೊಂಡವರಿದ್ದಾರೆ.

ನೀರು

ಮೊದಲು ಅಳತೆ. ಬಾವಿಯಿಂದ ಆಗತಾನೆ ಸೇದಿದ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ತುಂಬಾ ಇರುವುದರಿಂದ ಪಿಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬಕೆಟ್‌ನಲ್ಲಿ ಏರ್ ಸ್ಟೋನ್ ಹಾಕಿ 24 ಗಂಟೆ ಬಿಟ್ಟು ನಂತರ ಪಿಎಚ್, ಕೆಎಚ್, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನ ಒಟ್ಟು ಗಡಸುತನ), ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಬರೆದುಕೊಳ್ಳಿ. ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು. ಆಟಿಯ ಮಳೆಗೆ ಬಾವಿ ತುಂಬಿ ತುಳುಕುವಾಗ ಕೆಎಚ್ ಇನ್ನೂ ಇಳಿದಿರುತ್ತದೆ. ಏಪ್ರಿಲ್–ಮೇಯಲ್ಲಿ ನೇತ್ರಾವತಿ, ಫಲ್ಗುಣಿ ಅಳಿವೆಯ ಹತ್ತಿರದ ಬಾವಿಗಳಿಗೆ ಉಪ್ಪು ನುಗ್ಗಿ ಟಿಡಿಎಸ್ ಏರಿರುತ್ತದೆ. ಆ ಸ್ವಲ್ಪ ಉಪ್ಪು ಸಿಕ್ಲಿಡ್‌ಗೆ ಅಪಾಯವಲ್ಲ. ಆದರೆ ಟಿಡಿಎಸ್ ಏರಿತು ಎಂದ ಮಾತ್ರಕ್ಕೆ ಕೆಎಚ್ ಏರಿದೆ ಎಂದು ತಿಳಿಯಬಾರದು. ಅದು ಹೆಚ್ಚಾಗಿ ಅಡುಗೆ ಉಪ್ಪು. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನಲ್ಲಿ ನೀರು ಹೊಳೆಯದ್ದೇ ಆದ್ದರಿಂದ ಅದೂ ಮೆದುವೇ, ಮೇಲಿಂದ ಕ್ಲೋರಿನ್ ಬೇರೆ. ಸೋಡಿಯಂ ಥಯೋಸಲ್ಫೇಟ್ ಹರಳು 100 ಲೀಟರಿಗೆ 1 ಗ್ರಾಂ ಹಾಕಿದರೆ ಸಾಮಾನ್ಯ ಪ್ರಮಾಣದ ಕ್ಲೋರಿನ್ ಕೂಡಲೇ ಹೋಗುತ್ತದೆ.

ಪಿಎಚ್‌ಗಿಂತ ಕೆಎಚ್ ಏಕೆ ಮುಖ್ಯ? ಇವತ್ತು ಸಿಗುವ ಸಿಕ್ಲಿಡ್‌ಗಳು ಬಹುಪಾಲು ಇಲ್ಲೇ ಭಾರತದಲ್ಲೋ ಆಗ್ನೇಯ ಏಷ್ಯಾದಲ್ಲೋ ಹುಟ್ಟಿದವು, ಪಿಎಚ್ 7.4ರಲ್ಲೂ ಬದುಕುತ್ತವೆ. ಅವನ್ನು ಕೊಲ್ಲುವುದು ಪಿಎಚ್‌ನ ಕುಸಿತ, ಆ ಕುಸಿತವನ್ನು ತಡೆಯುವುದು ಕೆಎಚ್. ಮೀನಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ಕೆಎಚ್ ತಿನ್ನುತ್ತದೆ. ಲೆಕ್ಕ ಸರಳ: ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿ.ಗ್ರಾಂ) ಏರಿದಾಗಲೆಲ್ಲ ಕೆಎಚ್ ಸುಮಾರು 1 ಡಿಗ್ರಿ ಇಳಿಯುತ್ತದೆ. ಮೂವತ್ತು ಮೀನಿನ ಟ್ಯಾಂಕಿನಲ್ಲಿ ವಾರಕ್ಕೆ 20 ಪಿಪಿಎಂ ಏರುವುದು ಏನೂ ಹೆಚ್ಚಲ್ಲ. ಹಾಗಾದರೆ ಕೆಎಚ್ 2 ಇರುವ ಬಾವಿ ನೀರು ಒಂದೇ ವಾರದಲ್ಲಿ ಬರಿದು. ಆಮೇಲೆ ಪಿಎಚ್ 6.5ರ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಸೇರತೊಡಗುತ್ತದೆ.

ಇಲ್ಲೇ ದೊಡ್ಡ ಅನಾಹುತ ಆಗುವುದು. ಕಡಿಮೆ ಪಿಎಚ್‌ನಲ್ಲಿ ಅಮೋನಿಯಾ ಹೆಚ್ಚಿನಂಶ ಅಮೋನಿಯಂ ಆಗಿ ಇರುತ್ತದೆ, ಅಷ್ಟು ವಿಷವಲ್ಲ. ಪಿಎಚ್ ಬಿದ್ದದ್ದು ನೋಡಿ ಗಾಬರಿಯಿಂದ ಒಮ್ಮೆಲೇ ಸೋಡಾ ಸುರಿದರೆ ಅದು ವಿಷದ ರೂಪಕ್ಕೆ ತಿರುಗುತ್ತದೆ. 28 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕಿಂತ ಕಡಿಮೆ ವಿಷರೂಪದಲ್ಲಿದ್ದರೆ, 8.4ರಲ್ಲಿ ಶೇ. 15ರ ಹತ್ತಿರ. ರಾತ್ರಿ ಸೋಡಾ ಹಾಕಿ ಬೆಳಿಗ್ಗೆ ಎದ್ದಾಗ ಎಲ್ಲ ಮೀನೂ ಮಗುಚಿ ಬಿದ್ದಿರುವುದು ಹೀಗೆ. ಪಿಎಚ್ ಬಿದ್ದ ಟ್ಯಾಂಕಿನಲ್ಲಿ ಮೊದಲು ಅಮೋನಿಯಾ ಅಳೆಯಿರಿ, ಆಹಾರ ನಿಲ್ಲಿಸಿ, ಸೋಡಾ ಹಾಕದ ನೀರಿನಿಂದಲೇ ದಿನಕ್ಕೆ ಶೇ. 15–20 ಬದಲಾಯಿಸಿ ಅಮೋನಿಯಾ ಇಳಿಸಿ. ಆಮೇಲೆ ಕೆಎಚ್ ದಿನಕ್ಕೆ 1 ಡಿಗ್ರಿಯಂತೆ ಏರಿಸಿ.

ಏರಿಸಲು ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ವಾಷಿಂಗ್ ಸೋಡಾವೂ ಅಲ್ಲ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಮೆಗ್ನೀಸಿಯಂಗೆ ಎಪ್ಸಮ್ ಸಾಲ್ಟ್: 100 ಲೀಟರಿಗೆ 4.4 ಗ್ರಾಂ, ಜಿಎಚ್ 1 ಡಿಗ್ರಿ. ಅಡಿಕೆ ತೋಟಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟ್ ಕೂಡ ಅದೇ ವಸ್ತುವಾದರೂ ಶುದ್ಧತೆ ಸಾಲದು, ಮೆಡಿಕಲ್‌ನಲ್ಲಿ ಸಿಗುವುದನ್ನೇ ತನ್ನಿ. ಕೆಎಚ್ 8, ಜಿಎಚ್ 6ರಿಂದ 10 ನಮ್ಮ ಗುರಿ. ಸೋಡಾದಿಂದ ಪಿಎಚ್ ತಾನಾಗಿ 8ರಿಂದ 8.3ರಲ್ಲಿ ನಿಲ್ಲುತ್ತದೆ, ಬೇರೆ ಪಿಎಚ್ ದ್ರಾವಣ ಕೊಳ್ಳುವ ಅಗತ್ಯವಿಲ್ಲ.

ಕ್ಯಾಲ್ಸಿಯಂಗೆ ಮರುವಾಯಿಯ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು. ಮಾಂಸದ ಚೂರು ಉಳಿಯದಂತೆ ಕುದಿಸಿ, ಬಿಸಿಲಿಗೆ ಒಣಗಿಸಿ, ಸಣ್ಣಗೆ ಕುಟ್ಟಿ ಎರಡು ಮೂರು ಕಿಲೋದಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಅದರ ಮಿತಿಯೂ ಗೊತ್ತಿರಲಿ: ಪಿಎಚ್ 7.8ರ ಮೇಲೆ ಚಿಪ್ಪು ಹೆಚ್ಚುಕಡಿಮೆ ಕರಗುವುದಿಲ್ಲ. ಹಾಗಾಗಿ ಚಿಪ್ಪು ಒಂದರಿಂದಲೇ 8.2 ಬರುವುದಿಲ್ಲ, ನೀವು ಒಂದು ವಾರ ನೀರು ಬದಲಿಸಲು ಮರೆತಾಗ ಪಾತಾಳಕ್ಕೆ ಬೀಳದಂತೆ ಅದು ತಡೆಯುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬೇಡಿ. ಪಿಎಚ್ ಕೆಲವೇ ನಿಮಿಷದಲ್ಲಿ 10 ದಾಟೀತು. ಹವಳದ ತುಂಡು ಯಾರಾದರೂ ಕೊಟ್ಟರೆ ಬೇಡವೆನ್ನಿ. ಹವಳ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಇಟ್ಟುಕೊಳ್ಳುವುದೇ ಅಪರಾಧ.

ವಾರದ ಕೆಲಸ ಹೀಗೆ. 200 ಲೀಟರಿನ ಡ್ರಮ್‌ನಲ್ಲಿ 150 ಲೀಟರ್ ನೀರು ಹಿಡಿದು ಏರ್ ಸ್ಟೋನ್ ಹಾಕಿ ಒಂದು ದಿನ ಬಿಡಿ. ನಿಮ್ಮ ನೀರಿನ ಕೆಎಚ್ 2 ಇದ್ದರೆ 8ಕ್ಕೆ ತರಲು ಸೋಡಾ 27 ಗ್ರಾಂ, ಜಿಎಚ್ 3 ಡಿಗ್ರಿ ಏರಿಸಲು ಎಪ್ಸಮ್ 20 ಗ್ರಾಂ. ಬೇರೆ ಬೇರೆ ಮಗ್ಗಿನಲ್ಲಿ ಕರಗಿಸಿ ಡ್ರಮ್ಮಿಗೆ ಸುರಿದು, ಕಲಸಿ, ಟ್ಯಾಂಕಿನ ಹಳೆ ನೀರು 150 ಲೀಟರ್ ತೆಗೆದು ಇದನ್ನು ಪಂಪ್ ಮಾಡಿ. ಚಮಚದ ಲೆಕ್ಕ ಬೇಡ, ಅಡುಗೆ ತಕ್ಕಡಿ ಬಳಸಿ. ಆವಿಯಾದ ನೀರಿಗೆ ಬದಲು ತುಂಬುವಾಗ ಸೋಡಾ ಹಾಕದ ಬರೀ ನೀರು ಹಾಕಬೇಕು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿದಿರುತ್ತದೆ.

ಕಲ್ಲು, ಮರಳು, ಫಿಲ್ಟರ್

ಅಂಗಳದಲ್ಲಿ ಬಿದ್ದ ಮುರಕಲ್ಲು ಬೇಡ, ಕೆಂಪು ಪುಡಿ ಉದುರಿಸಿ ಫಿಲ್ಟರ್ ಕಟ್ಟಿಸುತ್ತದೆ. ಕಾರ್ಕಳ ಕಡೆಯ ಕರಿಶಿಲೆ ಅಥವಾ ಹೊಳೆಯ ಉರುಟು ಕಲ್ಲು ಒಳ್ಳೆಯದು. ಕಲ್ಲನ್ನು ಮರಳಿನ ಮೇಲೆ ಇಡಬಾರದು. ತಳದ ಗಾಜಿನ ಮೇಲೆ ತೆಳು ಫೋಮ್ ಹಾಸಿ, ಅದರ ಮೇಲೆ ಕಲ್ಲು ಜೋಡಿಸಿ, ಅಲುಗಾಡಿಸಿ ನೋಡಿ, ಕೊನೆಗೆ ಮರಳು ಸುರಿಯಿರಿ. ಸಿಕ್ಲಿಡ್ ಬುಡ ತೋಡುತ್ತದೆ, ಮರಳ ಮೇಲೆ ನಿಂತ ಕಲ್ಲು ಒಂದು ದಿನ ಜಾರಿ ಗಾಜು ಒಡೆಯುತ್ತದೆ. 3 ಸೆಂ.ಮೀ. ದಪ್ಪಕ್ಕೆ ಜಾಲಿಸಿ ತೊಳೆದ ಹೊಳೆಮರಳು 50 ಕಿಲೋ ಬೇಕು. ಕಡಲ ಕಿನಾರೆಯ ಮರಳು ತೆಗೆಯುವುದು ಕಾನೂನಿಗೆ ವಿರುದ್ಧ, ಉಪ್ಪೂ ಇರುತ್ತದೆ.

ಫಿಲ್ಟರಿಗೆ ಸಂಪ್, ಅಂದರೆ ಟ್ಯಾಂಕಿನ ಕೆಳಗಿಡುವ ಇನ್ನೊಂದು ತೊಟ್ಟಿ, ಉತ್ತಮ. ಗಂಟೆಗೆ ಟ್ಯಾಂಕಿನ ಐದಾರು ಪಟ್ಟು, ಅಂದರೆ ಏರಿಸಿದ ಎತ್ತರದಲ್ಲಿ ನಿಜವಾಗಿ 3000 ಲೀಟರ್ ಕೊಡುವ ಪಂಪ್ ಬೇಕು; ಪೆಟ್ಟಿಗೆಯ ಮೇಲಿನ ಸಂಖ್ಯೆ ಸೊನ್ನೆ ಎತ್ತರದ್ದು, ನಾಲ್ಕೈದು ಅಡಿ ಏರಿಸುವಾಗ ಬಹಳ ಇಳಿಯುತ್ತದೆ. ಕರೆಂಟ್ ಹೋದಾಗ ಸಂಪಿನಿಂದ ನೀರು ಮೇಲೆ ತರುವ ರಿಟರ್ನ್ ಪೈಪಿನಿಂದ ನೀರು ಹಿಂದಕ್ಕೆ ಸೈಫನ್ ಆಗುತ್ತದೆ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರೆಂದರೆ ಸುಮಾರು 11 ಲೀಟರ್. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 3 ಸೆಂ.ಮೀ. ಕೆಳಗಿದ್ದರೆ 33 ಲೀಟರ್ ಸಂಪಿಗೆ ಇಳಿಯುತ್ತದೆ, ಅಷ್ಟು ಜಾಗ ಸಂಪಿನಲ್ಲಿ ಖಾಲಿ ಇರಬೇಕು. ಪೈಪ್ ಜೋಡಿಸಿದ ದಿನವೇ ಪಂಪ್ ಆಫ್ ಮಾಡಿ ಪರೀಕ್ಷಿಸಿ. ಪ್ಲಗ್ ಪಾಯಿಂಟಿಗೆ ಕರೆಂಟ್ ಸೋರಿದರೆ ಕೂಡಲೇ ಕಡಿತ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ವಯರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದಂತೆ ಪ್ರತಿ ವಯರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತಿರಲಿ. ದೀಪಕ್ಕೆ ಸಾಧಾರಣ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ.

ಮೀನಿಲ್ಲದೆ ಸೈಕಲ್

ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ; ಇದಕ್ಕೇ ಸೈಕಲ್ ಎನ್ನುವುದು. ಕೆಎಚ್ 8ಕ್ಕೆ ತಂದ ನೀರಿಗೆ ಅಮೋನಿಯಂ ಕ್ಲೋರೈಡ್ 3.5 ಗ್ರಾಂ ಹಾಕಿದರೆ 550 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ, ಆದರೆ ಲ್ಯಾಬ್ ಸಾಮಗ್ರಿ ಅಂಗಡಿಯ ಶುದ್ಧವಾದದ್ದು ತನ್ನಿ. ಅಮೋನಿಯಾ ಸೊನ್ನೆಯಾದಾಗ ಮತ್ತೆ ಅಷ್ಟೇ ಹಾಕಿ. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೇಟ್ ಆಗುವ ಮುಂಚಿನ ಹಂತವಾದ ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ನಡುವೆ ಕೆಎಚ್ ಅಳೆಯುತ್ತಿರಿ. ನಮ್ಮ ಕಡೆ ಸೈಕಲ್ ಅರ್ಧಕ್ಕೆ ನಿಂತರೆ ಕಾರಣ ಬಹುತೇಕ ಕೆಎಚ್ ಮುಗಿದಿರುವುದು. ಗುರುತಿನವರ ಚಾಲ್ತಿ ಟ್ಯಾಂಕಿನಿಂದ ಒಂದೆರಡು ಸ್ಪಂಜ್ ತಂದು ಹಾಕಿದರೆ ಅರ್ಧ ಸಮಯ ಉಳಿಯುತ್ತದೆ, ಆ ಟ್ಯಾಂಕಿನಲ್ಲಿ ರೋಗ ಇಲ್ಲವೆಂದು ಖಚಿತವಿದ್ದರೆ ಮಾತ್ರ.

ಯಾವ ಮೀನು

ನೀವು ಬಿಟ್ಟ ಮೇಲೆ ಹೆಸರುಗಳು ಬದಲಾಗಿವೆ. ಸ್ಯೂಡೋಟ್ರೋಫಿಯಸ್ ಎಂದಿದ್ದ ಸೌಲೊಸಿ, ಡೆಮಸೋನಿ 2016ರಿಂದ ಚಿಂಡೊಂಗೊ ಕುಲಕ್ಕೆ ಸೇರಿವೆ. ಅಂಗಡಿಯಲ್ಲಿ ಪೀಕಾಕ್ ಹೆಸರಿನಲ್ಲಿ ಬರುವ ಕೆಂಪು, ಕಿತ್ತಳೆ, ಚುಕ್ಕೆ ಮೀನುಗಳಲ್ಲಿ ಅನೇಕವು ಮಿಶ್ರತಳಿ. ನೋಡಲು ಚೆಂದವೇ, ಆದರೆ ಮರಿ ಮಾಡಿಸಿ ಶುದ್ಧ ತಳಿಯೆಂದು ಕೊಡುವಂತಿಲ್ಲ. ‘ಮಿಕ್ಸ್ ಮಲಾವಿ’ ಎಂದು ಮಾರುವ ತೊಟ್ಟಿಯಿಂದ ಆರಿಸಬೇಡಿ. ಔರಾಟಸ್, ಕೆನ್ಯಿ ಮರಿಗಳು ಅದರಲ್ಲೇ ಇರುತ್ತವೆ. ದೊಡ್ಡದಾದ ಮೇಲೆ ಆರಡಿ ಟ್ಯಾಂಕನ್ನೂ ಒಂದೇ ಗಂಡು ಆಳುತ್ತದೆ.

ಎಂಬೂನಾ, ಅಂದರೆ ಬಂಡೆಯ ಪಾಚಿ ಮೇಯುವ ಗುಂಪನ್ನು ಆರಿಸುವುದಾದರೆ ನಾಲ್ಕು ಜಾತಿ, ಪ್ರತಿಯೊಂದರಿಂದ ಎಂಟು: ಯೆಲ್ಲೊ ಲ್ಯಾಬ್, ರಸ್ಟಿ, ಏಸಿ, ನೀಲಿ ಪಟ್ಟೆಯ ಸಿನೊಟಿಲಾಪಿಯಾ. ಬಣ್ಣ ಬೇರೆ ಬೇರೆ ಇರುವುದರಿಂದ ಗಂಡುಗಳಿಗೆ ಪರಸ್ಪರ ಪೈಪೋಟಿ ಕಡಿಮೆ. ಯೆಲ್ಲೊ ಲ್ಯಾಬ್ ಜೊತೆ ರೆಡ್ ಝೀಬ್ರಾ ಹಾಕಿದರೆ ಕಲಬೆರಕೆ ಮರಿ ಬರುತ್ತದೆ. 4–5 ಸೆಂ.ಮೀ. ಮರಿಗಳನ್ನು ತಂದು, ಬೆಳೆದಾಗ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಉಳಿಯುವಂತೆ ಹೆಚ್ಚಿನ ಗಂಡುಗಳನ್ನು ತೆಗೆಯಿರಿ. ಮೂವತ್ತೆರಡು ಮೀನು ಜಾಸ್ತಿ ಅನ್ನಿಸಬಹುದು. ಎಂಟು ಹತ್ತು ಮೀನು ಮಾತ್ರ ಇದ್ದರೆ ಬಲಿಷ್ಠ ಗಂಡು ಒಂದನ್ನೇ ಹಿಡಿದು ಸಾಯುವವರೆಗೆ ಅಟ್ಟುತ್ತದೆ. ಗುಂಪು ದಟ್ಟವಾಗಿದ್ದಾಗ ಅಟ್ಟುವಿಕೆ ಹಂಚಿಹೋಗುತ್ತದೆ. ಪೀಕಾಕ್, ಎಲೆಕ್ಟ್ರಿಕ್ ಬ್ಲೂ ಬೇಕೆಂದರೆ ಅವುಗಳದ್ದೇ ಟ್ಯಾಂಕ್ ಮಾಡಿ, ಎಂಬೂನಾದ ಗಲಾಟೆಯಲ್ಲಿ ಅವುಗಳ ಬಣ್ಣ ಏಳುವುದಿಲ್ಲ.

ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಒಂದು ಗಂಟೆ ಬಿಟ್ಟು ಒಗ್ಗಿಸಬಹುದು. ಚೆನ್ನೈಯಿಂದಲೋ ಬೆಂಗಳೂರಿನಿಂದಲೋ ರಾತ್ರಿಯಿಡೀ ಪ್ಯಾಕೆಟ್‌ನಲ್ಲಿ ಬಂದ ಮೀನಿಗೆ ಹಾಗೆ ಮಾಡಬಾರದು. ಆ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ, ಪಿಎಚ್ ಬಿದ್ದಿರುತ್ತದೆ, ನಮ್ಮ 8.2ರ ನೀರು ಬೆರೆತೊಡನೆ ಅದು ವಿಷವಾಗುತ್ತದೆ. ಪ್ಯಾಕೆಟ್ ತೇಲಿಸಿ ಬಿಸಿ ಸಮ ಮಾಡಿ, ಬಲೆಯಲ್ಲಿ ಎತ್ತಿ ನೇರ ಕ್ವಾರಂಟೈನ್ ಟ್ಯಾಂಕಿಗೆ (ಹೊಸ ಮೀನನ್ನು ಪ್ರತ್ಯೇಕ ಇಡುವ ಟ್ಯಾಂಕ್) ಬಿಡಿ. ಅಲ್ಲಿ ಪಿಎಚ್ 7.5ರ ಹತ್ತಿರ ಇಟ್ಟು, ಮೂರು ವಾರದಲ್ಲಿ ನಿಧಾನ ಏರಿಸಿ.

ಆಹಾರ, ಹೊಟ್ಟೆಯುಬ್ಬರ

ಎಂಬೂನಾದ ಕರುಳು ಉದ್ದ. ಸ್ಪಿರುಲಿನಾ ಹೆಚ್ಚಿರುವ ಸಣ್ಣ ಗುಳಿಗೆ, ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಂದು ದಿನ ಉಪವಾಸ. ಬೇಯಿಸಿ ಸಿಪ್ಪೆ ಸುಲಿದ ಬಟಾಣಿ ಆಗಬಹುದು. ಮಾಂಸ, ರಕ್ತಹುಳ ಬೇಡ. ಮನೆಯಲ್ಲಿ ಬೂತಾಯಿ ಕೊಯ್ದಾಗ ಒಂದು ತುಂಡು ಹಾಕೋಣ ಅನ್ನಿಸುತ್ತದೆ. ಆ ಎಣ್ಣೆ ನೀರಿನ ಮೇಲೆ ಪದರವಾಗಿ ಹರಡುತ್ತದೆ, ಹಾಕಬೇಡಿ. ಮೀನು ಆಹಾರ ಬಾಯಿಗೆ ತೆಗೆದು ಉಗುಳುವುದು, ಬಿಳಿ ನೂಲಿನಂಥ ಮಲ, ಮೂಲೆಯಲ್ಲಿ ನಿಂತು ಜೋರಾಗಿ ಉಸಿರಾಡುವುದು ಮಲಾವಿ ಬ್ಲೋಟ್‌ನ ಮೊದಲ ಲಕ್ಷಣ. ಹೊಟ್ಟೆ ಉಬ್ಬಿದ ಮೇಲೆ ಉಳಿಯುವುದು ಅಪರೂಪ. ಬೇರೆ ಟ್ಯಾಂಕಿಗೆ ಹಾಕಿ ಮೆಟ್ರೊನಿಡಜೋಲ್ 40 ಲೀಟರಿಗೆ 250 ಮಿಲಿಗ್ರಾಂ, ದಿನ ಬಿಟ್ಟು ದಿನ ಮೂರು ಸಲ, ಪ್ರತಿ ಸಲ ಮೊದಲು ಕಾಲು ಭಾಗ ನೀರು ಬದಲಿಸಿ ಕೊಡುವುದು ರೂಢಿ. ಜೊತೆಗೆ ದೊಡ್ಡ ಟ್ಯಾಂಕಿನ ನೈಟ್ರೇಟ್ ಅಳೆಯಿರಿ. 40 ದಾಟಿದ್ದರೆ ಕಾರಣ ಅಲ್ಲೇ ಇದೆ.

ಸೆಕೆ ಮತ್ತು ಮಳೆ

ಹೀಟರ್ ನಮ್ಮಲ್ಲಿ ಬಹುತೇಕ ಬೇಡ. ಏಪ್ರಿಲ್–ಮೇಯಲ್ಲಿ ನೀರು 31 ಡಿಗ್ರಿಗೆ ಏರುತ್ತದೆ, ತೊಂದರೆ ಅದೇ: 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿ.ಗ್ರಾಂ ಇರಬಲ್ಲ ಆಮ್ಲಜನಕ 31ರಲ್ಲಿ 7.4ಕ್ಕೆ ಇಳಿಯುತ್ತದೆ, ಮೀನಿನ ಬೇಡಿಕೆ ಏರುತ್ತದೆ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಫ್ಯಾನ್ ಹಿಡಿಸಿ, ಆಹಾರ ಅರ್ಧ ಮಾಡಿ.

ಜೂನ್ ಬಂದರೆ ಕರೆಂಟಿನದ್ದೇ ಚಿಂತೆ. ಮನೆಯ 150 ಎಎಚ್ ಇನ್ವರ್ಟರ್ ಮೇಲೆ ರಿಟರ್ನ್ ಪಂಪ್ ಬಿಟ್ಟು 10 ವಾಟ್‌ನ ಏರ್ ಪಂಪ್ ಒಂದನ್ನೇ ಹಾಕಿದರೆ ಇಡೀ ರಾತ್ರಿ ನಿರಾತಂಕ. ಕ್ಯಾನಿಸ್ಟರ್ ಬಳಸುವವರು ಗಮನಿಸಿ: ಮೂರು ನಾಲ್ಕು ಗಂಟೆ ನಿಂತರೆ ಒಳಗಿನ ನೀರಿನ ಆಮ್ಲಜನಕ ಮುಗಿದು ಕೊಳೆಯತೊಡಗುತ್ತದೆ. ಕರೆಂಟ್ ಬಂದ ಕೂಡಲೇ ಓಡಿಸಿದರೆ ಆ ನೀರೆಲ್ಲ ಟ್ಯಾಂಕಿಗೆ. ಬಿಚ್ಚಿ, ಟ್ಯಾಂಕಿನ ನೀರಿನಲ್ಲಿ ಮೀಡಿಯಾ (ಬ್ಯಾಕ್ಟೀರಿಯಾ ನೆಲೆಸಿದ ಸ್ಪಂಜ್ ಇತ್ಯಾದಿ) ಅಲುಬಿ, ಆಮೇಲೆ ಚಾಲೂ ಮಾಡಿ.

ಎಲ್ಲ ಸರಿಯಾದರೆ ಮರಿ ಬಂದೇ ಬರುತ್ತದೆ. ಹೆಣ್ಣು ಮೂರು ವಾರ ಮೊಟ್ಟೆ ಮರಿ ಬಾಯಲ್ಲಿಟ್ಟುಕೊಂಡು ತಿನ್ನದೆ ಇರುತ್ತದೆ. ಗಲ್ಲ ಉಬ್ಬಿರುವುದನ್ನು ಬ್ಲೋಟ್ ಎಂದು ತಿಳಿದು ಔಷಧಿ ಹಾಕಬೇಡಿ. ಹೆಚ್ಚಾದ ಮರಿ, ತೆಗೆದ ಗಂಡುಗಳನ್ನು ಅಂಗಡಿಗೆ ಅಥವಾ ಸಾಕುವವರಿಗೆ ಕೊಡಿ. ಹೊಳೆಗೆ, ಕೆರೆಗೆ, ಗದ್ದೆಯ ತೋಡಿಗೆ ಬಿಡುವುದು ಬೇಡವೇ ಬೇಡ. ಆಫ್ರಿಕಾದ ಸಿಕ್ಲಿಡ್ ಆದ ತಿಲಾಪಿಯಾ ಈಗಾಗಲೇ ನಮ್ಮ ನೀರಿನಲ್ಲಿ ಹಬ್ಬಿದೆ. ಅಳಿವೆಗಳಲ್ಲಿರುವ ನಮ್ಮದೇ ಸಿಕ್ಲಿಡ್, ಕರಿಮೀನು, ಅದರೊಡನೆ ಜಾಗಕ್ಕೂ ಆಹಾರಕ್ಕೂ ಹೋರಾಡುತ್ತಿದೆ.